ಒರ್ದಿನಾತರ್: ಫ್ರೆಂಚರ ಕಂಪ್ಯೂಟರಿಗೆ ಹೆಸರಿಟ್ಟವರು ಯಾರು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಕ್ಲೈಂಟ್ ಫ್ರಾನ್ಸಿನವರು, ಹಾಗಾಗಿ ಸಂಜೆ ಫ್ರೆಂಚ್ ಕ್ಲಾಸಿಗೆ ಸೇರಿದ್ದೇನೆ. ಜಗತ್ತೆಲ್ಲ ಕಂಪ್ಯೂಟರ್ ಅನ್ನುವಾಗ ಇವರು ಮಾತ್ರ ‘ಒರ್ದಿನಾತರ್’ ಅನ್ನುತ್ತಾರೆ. ಇಂಗ್ಲಿಷ್ ಮೇಲಿನ ಸಿಟ್ಟಿಗೆ ಅಲ್ಲಿನ ಸರ್ಕಾರವೋ, ಭಾಷೆಯ ಉಸ್ತುವಾರಿ ನೋಡುವ ಫ್ರೆಂಚ್ ಅಕಾಡೆಮಿಯೋ ಹುಟ್ಟಿಸಿದ ಪದ ಅದು ಅಂತ ನಮ್ಮ ಟೀಮಿನಲ್ಲಿ ಮಾತು. ನಿಜವಾ? ಇಂಗ್ಲಿಷಿನ ‘ಆರ್ಡರ್’ಗೂ ಇದಕ್ಕೂ ನಂಟಿದೆಯಾ? ಮೇಲ್ ಬರೆಯುವಾಗ ನಾವೂ ಇಂಥ ಪದಗಳನ್ನೇ ಬಳಸಬೇಕಾ?

ಉತ್ತರ: ಸರ್ಕಾರವೂ ಅಲ್ಲ, ಅಕಾಡೆಮಿಯೂ ಅಲ್ಲ. ಈ ಪದವನ್ನು ಹುಡುಕಿಸಿದ್ದು ಒಂದು ಅಮೆರಿಕನ್ ಕಂಪನಿ. ಅದೂ ಆ ಕಂಪನಿಯ ಜಾಹೀರಾತು ವಿಭಾಗ. ಇಂಗ್ಲಿಷ್ ಪದಗಳನ್ನು ತಡೆಯಲು ಫ್ರೆಂಚ್ ಸರ್ಕಾರ ಕಾನೂನು, ಸಮಿತಿ ಅಂತೆಲ್ಲ ಮಾಡಿದ್ದು ನಿಜವೇ. ಆದರೆ ಅದೆಲ್ಲ ಶುರುವಾಗುವ ಹೊತ್ತಿಗೆ ಒರ್ದಿನಾತರ್ ಆಗಲೇ ಆಫೀಸುಗಳಲ್ಲಿ ಬೇರು ಬಿಟ್ಟಿತ್ತು.

1955ಕ್ಕೆ ಹೋಗೋಣ. ಐಬಿಎಂ ಕಂಪನಿಯ ಫ್ರಾನ್ಸ್ ಶಾಖೆ ಆಗ ಐಬಿಎಂ 650 ಅನ್ನುವ ಯಂತ್ರವನ್ನು ಅಲ್ಲಿನ ಮಾರುಕಟ್ಟೆಗೆ ತರುವ ತಯಾರಿಯಲ್ಲಿತ್ತು. ಪ್ಯಾರಿಸಿನ ದಕ್ಷಿಣಕ್ಕಿರುವ ಕೊರ್ಬೇಯ್-ಎಸೊನ್ ಊರಿನ ತನ್ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಬೇಕು ಅಂತ ಯೋಜನೆ. ಯಂತ್ರದ ಒಳಗೆ ನಿರ್ವಾತ ಕೊಳವೆಗಳು, ಅಂದರೆ ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು. ಮಾಹಿತಿ ನೆನಪಿಡಲು ಒಂದು ಕಾಂತೀಯ ಡ್ರಮ್. ಅದು ನಿಮಿಷಕ್ಕೆ 12,500 ಸುತ್ತು ತಿರುಗುತ್ತಿತ್ತು, 10 ಅಂಕಿಗಳ 2,000 ಸಂಖ್ಯೆಗಳನ್ನು ಹಿಡಿದಿಡುತ್ತಿತ್ತು. ಅಷ್ಟೇ. ಇವತ್ತು ನಿಮ್ಮ ಫೋನಿನಲ್ಲಿರುವ ಒಂದು ಮಸುಕು ಫೋಟೋ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆದರೂ ಆ ಕಾಲದಲ್ಲಿ ಅದು ಭರ್ಜರಿಯಾಗಿ ಮಾರಾಟವಾದ ಯಂತ್ರ.

ತೊಂದರೆ ಬಂದಿದ್ದು ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ಇದರ ಅಧಿಕೃತ ಹೆಸರು ‘ಮ್ಯಾಗ್ನೆಟಿಕ್ ಡ್ರಮ್ ಡೇಟಾ ಪ್ರೊಸೆಸಿಂಗ್ ಮಷೀನ್’. ಅದನ್ನು ಫ್ರೆಂಚಿಗೆ ತಂದು ಕರಪತ್ರದ ಮೇಲೆ ಹಾಕಿದರೆ ಯಾರು ಓದುತ್ತಾರೆ? ‘ಕಂಪ್ಯೂಟರ್’ ಅನ್ನುವುದಕ್ಕೆ ನೇರವಾದ ಫ್ರೆಂಚ್ ಪದ ‘ಕಾಲ್ಕ್ಯುಲಾತರ್’, ಲೆಕ್ಕ ಹಾಕುವಂಥದ್ದು. ಅದು ಆಗಲೇ ಬಳಕೆಯಲ್ಲಿತ್ತು. ಆದರೆ ಆ ಮಾತು ಕೇಳಿದರೆ ಜನರಿಗೆ ವಿಜ್ಞಾನಿಗಳ ಲೆಕ್ಕದ ಯಂತ್ರ ನೆನಪಾಗುತ್ತಿತ್ತು. ಐಬಿಎಂಗೆ ಬೇಕಿದ್ದ ಗಿರಾಕಿಗಳು ಬೇರೆ: ಬ್ಯಾಂಕು, ವಿಮಾ ಕಂಪನಿ, ಕಾರ್ಖಾನೆ. ಸಂಬಳದ ಪಟ್ಟಿ, ದಾಸ್ತಾನು, ಗ್ರಾಹಕರ ಖಾತೆ ಇವನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಡುವ ಯಂತ್ರ ಇದು ಅಂತ ಅವರಿಗೆ ಹೇಳಬೇಕಿತ್ತು. ‘ಕಾಲ್ಕ್ಯುಲಾತರ್’ ಅಂದುಬಿಟ್ಟರೆ ಮಾರುವವನೇ ತನ್ನ ಸರಕಿನ ಬೆಲೆ ಇಳಿಸಿಕೊಂಡಂತೆ.

‘ಕಂಪ್ಯೂಟರ್’ ಪದವನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಕೇಳಬಹುದು. ಇದಕ್ಕೆ ಫ್ರೆಂಚರು ಒಂದು ತಮಾಷೆಯ ಕಾರಣ ಹೇಳುತ್ತಾರೆ. ಆ ಪದವನ್ನು ಫ್ರೆಂಚ್ ಬಾಯಲ್ಲಿ ಹೇಳಿದರೆ ಮೊದಲ ಎರಡು ತುಂಡು ಎರಡು ಹೊಲಸು ಬೈಗುಳದ ಹಾಗೆ ಕೇಳುತ್ತವೆ. ಅವು ಯಾವುವು ಅಂತ ನಿಮ್ಮ ಕ್ಲಾಸಿನಲ್ಲಿ ಕೇಳಬೇಡಿ, ಕ್ಲೈಂಟ್ ಜೊತೆ ಊಟಕ್ಕೆ ಕೂತಾಗ ಅವರೇ ಹೇಳುತ್ತಾರೆ. ಆದರೆ ಇದು ಊಟದ ಮೇಜಿನ ಕಥೆ. ನಾನು ಈಗ ಹೇಳಲಿರುವ ಪತ್ರದಲ್ಲಿ ಇದರ ಸುಳಿವೇ ಇಲ್ಲ.

ಐಬಿಎಂ ಫ್ರಾನ್ಸಿನ ಜಾಹೀರಾತು ವಿಭಾಗವನ್ನು ಆಗ ನೋಡಿಕೊಳ್ಳುತ್ತಿದ್ದವರು ಫ್ರಾಂಸ್ವಾ ಝಿರಾರ್. ಅವರು ಓದಿದ್ದು ಪ್ಯಾರಿಸಿನಲ್ಲಿ, ಅದೂ ಸಾಹಿತ್ಯ. ಹೆಸರಿನ ಪೇಚಾಟ ಬಂದಾಗ ತಮ್ಮ ಹಳೇ ಮೇಷ್ಟ್ರು ನೆನಪಾದರು. ಆ ಮೇಷ್ಟ್ರು ಝಾಕ್ ಪೆರೆ, ಸೊರ್ಬೊನ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷಾಶಾಸ್ತ್ರದ ಪ್ರೊಫೆಸರ್. ರೋಮನ್ ಕವಿ ವರ್ಜಿಲ್‌ನ ಮೇಲೆ ಜೀವನವಿಡೀ ಕೆಲಸ ಮಾಡಿದವರು. (ಅದೇ ಕಾಲದಲ್ಲಿ ಇದೇ ಹೆಸರಿನ ಒಬ್ಬ ಕಾದಂಬರಿಕಾರರೂ ಇದ್ದರು. ಅವರು ಬೇರೆ, ಇವರು ಬೇರೆ.) ಝಿರಾರ್ ಪತ್ರ ಬರೆದು ಕಂಪನಿಯ ಅಧ್ಯಕ್ಷ ವಾಲ್ಡ್ನರ್ ಅವರ ಸಹಿ ಹಾಕಿಸಿ ಕಳಿಸಿದರು. ಜೊತೆಗೆ ತಮ್ಮ ಯಂತ್ರಗಳ ಕರಪತ್ರಗಳನ್ನೂ ಕೊಟ್ಟಿದ್ದರು. ಪೆರೆ ಉತ್ತರ ಬರೆದಿದ್ದು 1955ರ ಏಪ್ರಿಲ್ 16ರಂದು.

ಆ ಪತ್ರ ಈಗಲೂ ಸಿಗುತ್ತದೆ. ಉದ್ದ ಏನಿಲ್ಲ. ಆದರೆ ಒಂದು ಪದವನ್ನು ಹೇಗೆ ತೂಗಿ ನೋಡಬೇಕು ಅನ್ನುವುದಕ್ಕೆ ಇಷ್ಟು ಒಳ್ಳೆಯ ಮಾದರಿ ಬೇರೆ ಸಿಗುವುದು ಕಷ್ಟ. ಸ್ವಲ್ಪ ನಿಧಾನವಾಗಿ ನೋಡೋಣ.

‘ಒರ್ದಿನಾತರ್’ ಅಂದರೆ ಹೇಗೆ ಅಂತ ಮೇಷ್ಟ್ರು ಕೇಳುತ್ತಾರೆ. ಇದು ಸರಿಯಾಗಿ ಕಟ್ಟಿದ ಪದ, ಲಿತ್ರೆಯ ನಿಘಂಟಿನಲ್ಲೂ ಇದೆ ಅನ್ನುತ್ತಾರೆ. ಎಮಿಲ್ ಲಿತ್ರೆ 19ನೇ ಶತಮಾನದಲ್ಲಿ ಮಾಡಿದ ದೊಡ್ಡ ಫ್ರೆಂಚ್ ನಿಘಂಟು ಅದು. ಅಲ್ಲಿ ಈ ಪದ ಒಂದು ವಿಶೇಷಣ. ಯಾರಿಗೆ? ಲೋಕವನ್ನು ಕ್ರಮವಾಗಿ ಜೋಡಿಸಿಟ್ಟ ದೇವರಿಗೆ! ಹೌದು, ಸಂಬಳದ ಪಟ್ಟಿ ತಯಾರಿಸುವ ಯಂತ್ರಕ್ಕೆ ಸೂಚಿಸಿದ ಹೆಸರು ಅದಕ್ಕೂ ಮುಂಚೆ ದೇವರದ್ದಾಗಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಲ್ಯಾಟಿನ್‌ನಲ್ಲಿ ‘ಓರ್ದೋ’ ಅಂದರೆ ಸಾಲು, ಕ್ರಮ. ಇಂಗ್ಲಿಷಿನ ಆರ್ಡರ್, ಆರ್ಡಿನರಿ ಎರಡೂ ಅದೇ ಬಳ್ಳಿಯವು. ‘ಓರ್ದಿನಾತೋರ್’ ಅಂದರೆ ಕ್ರಮಕ್ಕೆ ಹಚ್ಚುವವನು. ನೀವು ಊಹಿಸಿದ ನಂಟು ಸರಿ. ಒಂದು ಎಚ್ಚರ ಮಾತ್ರ: ಇಲ್ಲಿ ಆರ್ಡರ್ ಅಂದರೆ ಅಪ್ಪಣೆ ಅಲ್ಲ, ಜೋಡಣೆ. ‘ಅಪ್ಪಣೆ ಪಾಲಿಸುವ ಯಂತ್ರ, ಅದಕ್ಕೇ ಒರ್ದಿನಾತರ್’ ಅಂತ ಕೆಲವರು ವಿವರಿಸುವುದುಂಟು. ಅದು ತಪ್ಪು.

ಪತ್ರಕ್ಕೆ ವಾಪಸ್ ಬರೋಣ. ಇಂಥ ಪದದಿಂದ ಕ್ರಿಯಾಪದ, ಕ್ರಿಯೆಯ ಹೆಸರು ಎಲ್ಲ ಸುಲಭವಾಗಿ ಹುಟ್ಟುತ್ತವೆ ಅಂತ ಪೆರೆ ಲಾಭ ತೋರಿಸುತ್ತಾರೆ: ‘ಒರ್ದಿನೆ’ ಅಂದರೆ ಕೆಲಸ ಮಾಡುವುದು, ‘ಒರ್ದಿನಾಸಿಯೋಂ’ ಅಂದರೆ ಆ ಕೆಲಸ. ಮರುಕ್ಷಣವೇ ತೊಡಕನ್ನೂ ಅವರೇ ಹೇಳುತ್ತಾರೆ. ಈ ಎರಡನೆಯ ಪದಕ್ಕೆ ಚರ್ಚಿನಲ್ಲಿ ಬೇರೆ ಅರ್ಥ ಇದೆ. ಪಾದ್ರಿಯಾಗುವವರಿಗೆ ಗುರುದೀಕ್ಷೆ ಕೊಡುವ ವಿಧಿ ಅದು. ಆದರೆ ಧರ್ಮಕ್ಕೂ ಲೆಕ್ಕಪತ್ರಕ್ಕೂ ತುಂಬಾ ದೂರ, ಆ ವಿಧಿಯ ಹೆಸರು ಗೊತ್ತಿರುವವರೂ ಕಡಿಮೆ, ಹಾಗಾಗಿ ಇದು ಸಣ್ಣ ತೊಡಕು ಇರಬಹುದು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಆಮೇಲೆ ಬೇರೆ ಹೆಸರುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ. ‘ಸಿಸ್ತೆಮಾತರ್’ ಹೊಸ ಪದ, ಕಿವಿಗೆ ಚುಚ್ಚುವುದಿಲ್ಲ. ‘ಕೊಂಬಿನಾತರ್’ ಬೇಡ, ಯಾಕೆಂದರೆ ‘ಕೊಂಬಿನ್’ ಅಂದರೆ ಫ್ರೆಂಚ್ ಆಡುಮಾತಿನಲ್ಲಿ ಗೋಲ್‌ಮಾಲ್, ಒಳಸಂಚು. ‘ಕೊಂಜೆಸ್ತರ್’, ‘ದಿಜೆಸ್ತರ್’ ಎರಡೂ ಬೇಡ. ಒಂದು ರಕ್ತ ಕಟ್ಟಿಕೊಳ್ಳುವುದನ್ನು, ಇನ್ನೊಂದು ಜೀರ್ಣವಾಗುವುದನ್ನು ನೆನಪಿಸುತ್ತದೆ. ‘ಸಾಂತೆತಿಜರ್’ ಅಷ್ಟೇನೂ ಹೊಸದಲ್ಲ. ಯೋಚನೆ ಮಾಡಿ, ಆ ದಿನ ಬೇರೆ ಗಾಳಿ ಬೀಸಿದ್ದರೆ ಇವತ್ತು ಫ್ರೆಂಚರು ಬೆಳಗ್ಗೆ ಎದ್ದು ತಮ್ಮ ‘ದಿಜೆಸ್ತರ್’ ಆನ್ ಮಾಡುತ್ತಿದ್ದರು.

ಪತ್ರದ ಕೊನೆಗೆ ಬರುವ ತಿರುವು ನನಗೆ ಎಲ್ಲಕ್ಕಿಂತ ಇಷ್ಟ. ಮೇಷ್ಟ್ರು ಕರಪತ್ರಗಳನ್ನು ಮತ್ತೆ ತಿರುವಿ ಹಾಕುತ್ತಾರೆ. ಐಬಿಎಂನ ಎಷ್ಟೋ ಯಂತ್ರಗಳ ಹೆಸರು ಸ್ತ್ರೀಲಿಂಗದಲ್ಲಿವೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ಪಂಚ್ ಕಾರ್ಡುಗಳನ್ನು (ತೂತು ಹೊಡೆದು ಮಾಹಿತಿ ತುಂಬಿದ ರಟ್ಟಿನ ಚೀಟಿಗಳು) ಬೇರ್ಪಡಿಸುವ ಯಂತ್ರ ಹೆಣ್ಣು, ಪಟ್ಟಿ ಮಾಡುವ ‘ತಾಬ್ಯುಲಾತ್ರಿಸ್’ ಕೂಡ ಹೆಣ್ಣು. ಹಾಗಾದರೆ ಇದೂ ‘ಒರ್ದಿನಾತ್ರಿಸ್’ ಆಗಲಿ, ಆಗ ದೇವರ ಮಾತಿನಿಂದ ಇನ್ನಷ್ಟು ದೂರ ಹೋಗಬಹುದು ಅನ್ನುತ್ತಾರೆ. ಎಲ್ಲ ತೂಗಿ ನೋಡಿ ತಮ್ಮ ಒಲವನ್ನೂ ಹೇಳುತ್ತಾರೆ: ‘ಒರ್ದಿನಾತ್ರಿಸ್ ಎಲೆಕ್ತ್ರೋನಿಕ್’.

ಅಂದರೆ ಜಗತ್ತು ಯಾವ ಪದಕ್ಕಾಗಿ ಪೆರೆಯವರನ್ನು ನೆನೆಸಿಕೊಳ್ಳುತ್ತದೋ ಅದು ಅವರ ಮೊದಲ ಸಲಹೆಯಾಗಿತ್ತು, ಕೊನೆಯ ಆಯ್ಕೆ ಆಗಿರಲಿಲ್ಲ. ಕಂಪನಿ ಪುಲ್ಲಿಂಗವನ್ನೇ ಇಟ್ಟುಕೊಂಡಿತು, ಎಲೆಕ್ಟ್ರಾನಿಕ್ ಅನ್ನುವ ಬಾಲವನ್ನೂ ಬಿಟ್ಟಿತು. ಮೇಷ್ಟ್ರು ಎಣಿಸಿದ ಲಾಭವೂ ಕೈಗೂಡಲಿಲ್ಲ. ‘ಒರ್ದಿನೆ’ ಅನ್ನುವ ಕ್ರಿಯಾಪದವನ್ನು ಇವತ್ತು ಯಾರೂ ಬಳಸುವುದಿಲ್ಲ. ‘ಒರ್ದಿನಾಸಿಯೋಂ’ ಪಾದ್ರಿಗಳ ಬಳಿಯೇ ಉಳಿಯಿತು. ಅವರು ಹೆದರಿದ್ದ ಗೊಂದಲವೂ ಆಗಲಿಲ್ಲ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಪದ ಮಾತ್ರ ಉಳಿಯಿತು.

ಐಬಿಎಂ ಮೊದಲಿಗೆ ಇದನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಿತ್ತು. ಆದರೆ ಜನ ಎಲ್ಲ ಕಂಪನಿಗಳ ಯಂತ್ರಕ್ಕೂ ಒರ್ದಿನಾತರ್ ಅನ್ನಲು ಶುರು ಮಾಡಿದರು. ಕೊನೆಗೆ ಕಂಪನಿ ಹಕ್ಕು ಬಿಟ್ಟುಕೊಟ್ಟಿತು. ನನ್ನ ಪ್ರಕಾರ ಪದ ಗೆದ್ದಿದ್ದು ಇಲ್ಲೇ. ಆಗ ಫ್ರಾನ್ಸಿನ ಸಾಮಾನ್ಯ ಜನರ ಬಾಯಲ್ಲಿ ‘ಕಂಪ್ಯೂಟರ್’ ಇರಲಿಲ್ಲ, ಓಡಿಸಬೇಕಾದ ಎದುರಾಳಿಯೇ ಇರಲಿಲ್ಲ. ಯಂತ್ರವೂ ಹೆಸರೂ ಒಟ್ಟಿಗೇ ಬಾಗಿಲಿಗೆ ಬಂದವು. ಕರಪತ್ರ, ಕೈಪಿಡಿ, ತರಬೇತಿ ಎಲ್ಲದರಲ್ಲೂ ಅದೇ ಹೆಸರು. ಇದರಲ್ಲಿ ಭಾಷಾಭಿಮಾನದ ಪಾತ್ರ ಏನೂ ಜಾಸ್ತಿ ಇಲ್ಲ.

ಸರ್ಕಾರ ಯಾವಾಗ ಬಂತು? ಪರಿಭಾಷೆಗಾಗಿ ಸಚಿವಾಲಯಗಳಲ್ಲಿ ಸಮಿತಿ ಮಾಡಬೇಕು ಅನ್ನುವ ಆಜ್ಞೆ ಹೊರಟಿದ್ದು 1972ರ ಜನವರಿಯಲ್ಲಿ. ಜಾಹೀರಾತು, ಒಪ್ಪಂದಗಳಲ್ಲಿ ಫ್ರೆಂಚ್ ಇರಲೇಬೇಕು ಅನ್ನುವ ಮೊದಲ ಕಾನೂನು 1975ರ ಕೊನೆಯಲ್ಲಿ, ಅದರ ಜಾಗಕ್ಕೆ ಬಂದ ತುಬೋಂ ಕಾನೂನು 1994ರಲ್ಲಿ. ‘ಒರ್ದಿನಾತರ್’ಗೆ ಸರ್ಕಾರಿ ವ್ಯಾಖ್ಯೆ ಕೊಟ್ಟ ಆದೇಶದ ತಾರೀಖು 1981ರ ಡಿಸೆಂಬರ್ 22. ಅಷ್ಟರಲ್ಲಿ ಪದಕ್ಕೆ 26 ವರ್ಷ ವಯಸ್ಸು. ನಿಮ್ಮ ಟೀಮಿನವರ ವಾದ ಇಲ್ಲಿ ಬಿದ್ದುಹೋಗುತ್ತದೆ.

ಹಾಗಂತ ಸರ್ಕಾರದ ಕಡೆಯಿಂದ ಬಂದ ಪದಗಳೆಲ್ಲ ಸೋತವು ಅಂತಲ್ಲ. ಸಾಫ್ಟ್‌ವೇರ್‌ಗೆ ಫ್ರೆಂಚಿನಲ್ಲಿ ‘ಲೊಜಿಸಿಯೆಲ್’ ಅನ್ನುತ್ತಾರೆ, ನೀವು ದಿನಾ ನೋಡುವ ಪದ. ಅದನ್ನು 1969ರಲ್ಲಿ ಕಟ್ಟಿದವರು ಫಿಲಿಪ್ ರೆನಾರ್, ಕಂಪ್ಯೂಟರ್ ವಿಷಯಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿಯವರು. ಹಾರ್ಡ್‌ವೇರ್‌ಗೆ ‘ಮಾತೆರಿಯೆಲ್’ ಅನ್ನುವುದು ಮೊದಲೇ ಇತ್ತು. ‘ಲೊಜಿಕ್’ ಅಂದರೆ ತರ್ಕ. ಅದಕ್ಕೆ ‘ಮಾತೆರಿಯೆಲ್’ನ ಬಾಲ ಹಚ್ಚಿದರು, ಜೋಡಿ ಪ್ರಾಸ ಸಿಕ್ಕಿತು. ಅದಕ್ಕೂ ಮುಂಚೆ ‘ಕೆಂಕಾಯ್’ ಮತ್ತು ‘ಮೊಂತಾಯ್’ ಅನ್ನುವ ಜೋಡಿಯನ್ನೂ ಯಾರೋ ತೇಲಿಬಿಟ್ಟಿದ್ದರು. ಮೊದಲನೆಯದು ಕಬ್ಬಿಣದ ಸಾಮಾನಿನ ಅಂಗಡಿಯನ್ನು ನೆನಪಿಸುವ ಮಾತು, ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು. ಪುಣ್ಯಕ್ಕೆ ಅದು ನಿಲ್ಲಲಿಲ್ಲ.

ಲೊಜಿಸಿಯೆಲ್ ಮರಿ ಹಾಕುತ್ತಲೇ ಇದೆ. ಅದರ ಬಾಲ ಈಗ ಒಂದು ಪ್ರತ್ಯಯವೇ ಆಗಿಬಿಟ್ಟಿದೆ. ರೆಡಿಮೇಡ್ ಪ್ಯಾಕೇಜಿಗೆ ‘ಪ್ರೊಜಿಸಿಯೆಲ್’, ಪಾಠ ಹೇಳುವುದಕ್ಕೆ ‘ದಿದಾಕ್ತಿಸಿಯೆಲ್’. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೀಳುವ ರ‍್ಯಾನ್ಸಮ್‌ವೇರ್‌ಗೆ ‘ರಾಂಸೋಂಜಿಸಿಯೆಲ್’. ಈ ಕೊನೆಯದನ್ನು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಯೂ ಬಳಸುತ್ತದೆ, ಪತ್ರಿಕೆಗಳೂ ಬಳಸುತ್ತವೆ. ಇದು ಯಾಕೆ ನಿಂತಿತು? 1969ರಲ್ಲಿ ಸಾಫ್ಟ್‌ವೇರ್ ಅನ್ನುವುದು ಕಸುಬಿನವರ ನಡುವಿನ ಮಾತಾಗಿತ್ತು, ಬೀದಿಗೆ ಇನ್ನೂ ಇಳಿದಿರಲಿಲ್ಲ. ಇಲ್ಲೂ ಹೆಸರು ಸಮಯಕ್ಕೆ ಸರಿಯಾಗಿ ಬಂತು.

ಕಂಪ್ಯೂಟರ್ ವಿದ್ಯೆಗೆ ಫ್ರೆಂಚರು ಹೇಳುವ ‘ಅಂಫೊರ್ಮಾತಿಕ್’ ಪದದ ಕಥೆಯೂ ಹೆಚ್ಚುಕಡಿಮೆ ಹೀಗೇ. ಮಾಹಿತಿ ಅನ್ನುವ ಪದಕ್ಕೆ ‘ಓತೋಮಾತಿಕ್’ನ ಕೊನೆ ಸೇರಿಸಿದ್ದು. 1962ರಲ್ಲಿ ಫಿಲಿಪ್ ದ್ರೇಫ್ಯೂಸ್ ಅದನ್ನು ತಮ್ಮ ಹೊಸ ಕಂಪನಿಯ ಹೆಸರಿನಲ್ಲಿ ಇಟ್ಟರು. ಅದಕ್ಕೂ ಮುಂಚೆ, 1957ರಲ್ಲೇ, ಜರ್ಮನಿಯಲ್ಲಿ ಕಾರ್ಲ್ ಸ್ಟೈನ್‌ಬುಖ್ ‘ಇನ್ಫರ್ಮಾಟಿಕ್’ ಅನ್ನುವ ಪದ ಬಳಸಿದ್ದರು. ಅಮೆರಿಕದಲ್ಲೂ 1962ರಲ್ಲೇ ‘ಇನ್ಫರ್ಮ್ಯಾಟಿಕ್ಸ್’ ಅಂತ ಒಂದು ಕಂಪನಿ ಹುಟ್ಟಿತು. ಆ ಹೆಸರು ಅಲ್ಲಿ ಕಂಪನಿಯ ಸ್ವತ್ತಾಯಿತು, ಫ್ರಾನ್ಸಿನಲ್ಲಿ ಊರಿನ ಸ್ವತ್ತಾಯಿತು. ಅಕಾಡೆಮಿ ಇದನ್ನು ಒಪ್ಪಿ ವ್ಯಾಖ್ಯೆ ಕೊಟ್ಟಿದ್ದು 1960ರ ದಶಕದ ಕೊನೆಯ ಭಾಗದಲ್ಲಿ, ಜನ ಬಳಸಲು ಶುರು ಮಾಡಿದ ಮೇಲೆ.

ಈಗ ತಡವಾಗಿ ಬಂದವುಗಳನ್ನು ನೋಡಿ. ಇಮೇಲ್‌ಗೆ 1997ರಲ್ಲಿ ಸರ್ಕಾರ ‘ಮೆಲ್’ ಅನ್ನುವ ಸಂಕ್ಷೇಪ ಕೊಟ್ಟಿತು. ವಿಸಿಟಿಂಗ್ ಕಾರ್ಡಿನ ಮೇಲೆ ಫೋನ್ ನಂಬರಿನ ಪಕ್ಕ ಬರೆಯಲು ಮಾತ್ರ ಅಂತೆ! 2003ರ ಜೂನ್‌ನಲ್ಲಿ ‘ಕುರಿಯೆಲ್’ ಅನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿದರು. ಅದು ಕೆನಡಾದ ಕೆಬೆಕ್ ಪ್ರಾಂತ್ಯದಿಂದ ಬಂದ ಪದ, ‘ಕುರಿಯೇ’ ಅಂದರೆ ಅಂಚೆ, ಅದರ ಜೊತೆ ಎಲೆಕ್ಟ್ರಾನಿಕ್‌ನ ತುಣುಕು. (ನಮ್ಮ ಕುರಿಗೂ ಅದಕ್ಕೂ ಸಂಬಂಧ ಇಲ್ಲ.) ಪದ ಚೆನ್ನಾಗಿಯೇ ಇದೆ. ಆದರೆ ಅಷ್ಟರಲ್ಲಿ ಫ್ರಾನ್ಸಿನ ಜನ ವರ್ಷಗಟ್ಟಲೆ ‘ಮೇಲ್’ ಅಂದು ರೂಢಿಯಾಗಿಬಿಟ್ಟಿತ್ತು. ಕೆಬೆಕ್‌ನಲ್ಲಿ ಕುರಿಯೆಲ್ ದಿನಬಳಕೆಯ ಮಾತು, ಫ್ರಾನ್ಸಿನಲ್ಲಿ ಅರ್ಜಿ ಫಾರಂಗಳ ಮಾತು.

ಹ್ಯಾಶ್‌ಟ್ಯಾಗ್ ಗತಿ ಇನ್ನೂ ಕಷ್ಟ. 2013ರ ಜನವರಿಯಲ್ಲಿ ‘ಮೊ-ದಿಯೆಝ್’ ಅಂತ ಪ್ರಕಟಿಸಿದರು. ‘ದಿಯೆಝ್’ ಅಂದರೆ ಸಂಗೀತದ ಸ್ವರಲಿಪಿಯಲ್ಲಿ ಬರುವ ಶಾರ್ಪ್ ಚಿಹ್ನೆ. ಹ್ಯಾಶ್ ಚಿಹ್ನೆ ನೋಡಲು ಹಾಗೇ ಇದ್ದರೂ ಅದು ಬೇರೆ. ಒಂದರಲ್ಲಿ ಅಡ್ಡಗೆರೆ ಓರೆ, ಇನ್ನೊಂದರಲ್ಲಿ ನೆಟ್ಟಗೆ. ಜನ ನಕ್ಕರು, ಹ್ಯಾಶ್‌ಟ್ಯಾಗ್ ಅನ್ನುತ್ತಲೇ ಹೋದರು. ಸ್ಮಾರ್ಟ್‌ಫೋನಿಗೆ ನಮ್ಮ ಒರ್ದಿನಾತರ್‌ನ ತಲೆ ಕತ್ತರಿಸಿ ‘ಒರ್ದಿಫೋನ್’ ಮಾಡಿದರು, ನಡೆಯಲಿಲ್ಲ. 2018ರಲ್ಲಿ ಅದನ್ನು ಬಿಟ್ಟು ‘ಮೊಬಿಲ್ ಮುಲ್ತಿಫೊಂಕ್ಸಿಯೋಂ’ ಅಂದರು. ಅಷ್ಟುದ್ದ ಹೇಳುವಷ್ಟರಲ್ಲಿ ಕರೆ ಕಟ್ ಆಗುತ್ತದೆ.

ಇನ್ನು ‘ಜಗತ್ತೆಲ್ಲ ಕಂಪ್ಯೂಟರ್ ಅನ್ನುತ್ತದೆ’ ಅಂದಿರಲ್ಲ, ಅದು ಪೂರ್ತಿ ಸರಿಯಲ್ಲ. ಸ್ಪೇನಿನಲ್ಲಿ ‘ಓರ್ದೆನಾದೋರ್’, ಅದು ಫ್ರೆಂಚಿನಿಂದಲೇ ಹೋದದ್ದು. ಅದೇ ಸ್ಪ್ಯಾನಿಷ್ ಆಡುವ ಲ್ಯಾಟಿನ್ ಅಮೆರಿಕದಲ್ಲಿ ‘ಕೊಂಪುತಾದೋರಾ’. ಸ್ವೀಡನ್ನಿನಲ್ಲಿ ‘ದಾತೋರ್’. ಫಿನ್ಲೆಂಡಿನಲ್ಲಿ ‘ತಿಯೆತೊಕೊನೆ’, ಅಂದರೆ ಜ್ಞಾನಯಂತ್ರ. ನಮ್ಮ ಗಣಕವನ್ನೇ ತೆಗೆದುಕೊಳ್ಳಿ. ಯಂತ್ರ ಬರುವುದಕ್ಕೆ ಎಷ್ಟೋ ಮುಂಚೆ ಗಣಕ ಅಂದರೆ ಲೆಕ್ಕ ಹಾಕುವ ಮನುಷ್ಯ, ಜೋಯಿಸ. ಇಂಗ್ಲಿಷಿನಲ್ಲೂ 1940ರ ದಶಕದವರೆಗೆ ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಮಾಡುವ ಗುಮಾಸ್ತರೇ. ಆ ಇಂಗ್ಲಿಷ್ ಪದದ ಮೂಲವೂ ಲ್ಯಾಟಿನ್ನಿನ ‘ಕೊಂಪುತಾರೆ’. ಅದೇ ಮೂಲದ ‘ಕೊಂಪ್ಯುತ್’ ಫ್ರೆಂಚಿನಲ್ಲಿ ಇವತ್ತಿಗೂ ಇದೆ, ಈಸ್ಟರ್ ಹಬ್ಬ ಯಾವ ದಿನ ಬೀಳುತ್ತದೆ ಅಂತ ಲೆಕ್ಕ ಹಾಕುವ ಚರ್ಚಿನ ಪದ್ಧತಿಗೆ. ಪಾಪ ಪೆರೆ ಮೇಷ್ಟ್ರು, ಯಾವ ದಾರಿ ಹಿಡಿದಿದ್ದರೂ ಚರ್ಚು ಎದುರಾಗುತ್ತಿತ್ತು.

ಕೊನೆಗೆ ನಿಮ್ಮ ಮೇಲ್ ವಿಷಯ. ಒರ್ದಿನಾತರ್, ಲೊಜಿಸಿಯೆಲ್, ಅಂಫೊರ್ಮಾತಿಕ್ ಈ ಮೂರನ್ನು ಧಾರಾಳವಾಗಿ ಬಳಸಿ, ಬೇರೆ ಪದ ಹಾಕಿದರೇ ವಿಚಿತ್ರವಾಗಿ ಕಾಣುತ್ತದೆ. ಮಾತಿನಲ್ಲಿ ಎಲ್ಲರೂ ಸುಮ್ನೆ ‘ಒರ್ದಿ’ ಅನ್ನುತ್ತಾರೆ, ಬರಹದಲ್ಲಿ ಪೂರ್ತಿ ಬರೆಯಿರಿ. ಲಿಂಗ ಪುಲ್ಲಿಂಗ, ಐಬಿಎಂ ದಯೆಯಿಂದ. ಚಿಪ್ಪಿಗೆ ‘ಪ್ಯೂಸ್’ ಅಂದರೆ ಗಾಬರಿ ಬೇಡ, ಅದರ ಮೂಲ ಅರ್ಥ ಚಿಗಟ. ಪ್ಯಾರಿಸ್ ಕ್ಲೈಂಟಿಗೆ ‘ಮೇಲ್’ ಸಾಕು, ಮಾಂಟ್ರಿಯಲ್‌ನವರಾದರೆ ‘ಕುರಿಯೆಲ್’ ಬರೆಯಿರಿ, ಖುಷಿಪಡುತ್ತಾರೆ. ಇನ್ನೊಂದು ಮಾತು: ಅವರು ಬೈಟ್ ಅನ್ನುವುದಿಲ್ಲ, ‘ಒಕ್ತೆ’ ಅನ್ನುತ್ತಾರೆ. ಅವರ ದಾಖಲೆಗಳಲ್ಲಿ ಗಿಗಾಬೈಟ್ ಬರುವ ಕಡೆ ಎರಡನೇ ಅಕ್ಷರ ‘ಬಿ’ ಇರದೆ ‘ಓ’ ಇದ್ದರೆ ಅದು ಟೈಪಿಂಗ್ ತಪ್ಪಲ್ಲ, ತಿದ್ದಲು ಹೋಗಬೇಡಿ.